ರಣರಂಗದಿಂದ ಸೊಪ್ಪಿನ ಬೆಟ್ಟಕ್ಕೆ ಬಂದ ತೈಲ

1957ರ ಮಾರ್ಚ್ ತಿಂಗಳಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತು ಬೀಳುತ್ತಿದ್ದ ಸಂಗತಿ ಬೆಳಕಿಗೆ ಬಂತು. ಸುತ್ತಲಿನ ಹಳ್ಳಿಗಳಲ್ಲಿ ಜನರಿಗೂ ವಿಪರೀತ ಜ್ವರ, ತಲೆನೋವು, ಮೈಕೈ ಮುರಿಯುವಂಥ ನೋವು. ಮಂಗ ಸತ್ತ ಕಡೆ ಮನುಷ್ಯನೂ ಹಾಸಿಗೆ ಹಿಡಿಯುತ್ತಿದ್ದ. ಆದ್ದರಿಂದಲೇ ಇದಕ್ಕೆ ‘ಮಂಗನ ಕಾಯಿಲೆ’ ಎಂಬ ಹೆಸರು ನಿಂತಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮತ್ತವರ ಸಂಗಡಿಗರಿಗೆ ಮೊದಲು ಬಂದ ಅನುಮಾನ ಹಳದಿ ಜ್ವರದ ಮೇಲೆ. ಹಳದಿ ಜ್ವರವನ್ನು ಹರಡುವುದು ಸೊಳ್ಳೆ. ಆದರೆ ಪರೀಕ್ಷೆಯಲ್ಲಿ ಸಿಕ್ಕಿದ್ದು ಬೇರೆಯೇ ಒಂದು ಹೊಸ ವೈರಸ್. ಅದನ್ನು ಹೊತ್ತು ತಿರುಗುತ್ತಿದ್ದುದು ಸೊಳ್ಳೆಯಲ್ಲ, ಉಣುಗು.

ಅದೇ 1957ರಲ್ಲಿ ಅಮೆರಿಕದಲ್ಲಿ ‘ಡೀಟ್’ ಎಂಬ ರಾಸಾಯನಿಕ ಜನಸಾಮಾನ್ಯರ ಬಳಕೆಗೆ ಬಂತು. ಅಲ್ಲಿನ ಸೈನ್ಯಕ್ಕಾಗಿ 1946ರಲ್ಲಿ ರೂಪಿಸಿದ್ದ ಈ ವಸ್ತು ಇಂದಿಗೂ ಜಗತ್ತಿನ ಕೀಟ ನಿವಾರಕಗಳಲ್ಲಿ ಮುಂಚೂಣಿಯಲ್ಲಿದೆ. ಒಂದೇ ವರ್ಷ ನಡೆದ ಈ ಎರಡು ಸಂಗತಿಗಳಿಗೆ ನೇರ ನಂಟಿಲ್ಲ. ಆದರೂ ಕೀಟವನ್ನು ಮೈಗೆ ಹತ್ತಗೊಡದ ತೈಲಗಳ ಚರಿತ್ರೆಯನ್ನು ಅರಿಯಲು ಇವೆರಡನ್ನೂ ಒಟ್ಟಿಗೆ ನೋಡುವುದು ಒಳ್ಳೆಯದು. ತಯಾರಾದದ್ದು ಸೈನಿಕನಿಗಾಗಿ, ಬೇಕಾದದ್ದು ದರಗು ಗುಡಿಸಲು ಹೋಗುವ ರೈತ ಮಹಿಳೆಗೆ. ಅವಳ ಕೈಗೆ ಬರುವಷ್ಟರಲ್ಲಿ ಅದರೊಡನೆ ಬರಬೇಕಾಗಿದ್ದ ಒಂದು ಮುಖ್ಯ ವಸ್ತು ಹಿಂದೆಯೇ ಉಳಿಯಿತು.

ಹಾರಿ ಬರುವುದು, ಕಾದು ಕೂರುವುದು

ಸೊಳ್ಳೆ ಓಡಿಸಲು ಹೊಗೆ ಹಾಕುವುದು ನಮ್ಮಲ್ಲಿ ಹಳೆಯ ಪದ್ಧತಿ. ಸಂಜೆಯಾದೊಡನೆ ಕೊಟ್ಟಿಗೆಯಲ್ಲಿ ಬೇವಿನ ಸೊಪ್ಪಿನ ಹೊಗೆ, ಮನೆಯೊಳಗೆ ಲೋಬಾನದ ಹೊಗೆ ಎಲ್ಲರಿಗೂ ಗೊತ್ತಿರುವುದೇ. ನಾವು ಬಿಡುವ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡ್, ಮೈಯ ಶಾಖ, ಬೆವರಿನ ವಾಸನೆ ಇವುಗಳ ಜಾಡು ಹಿಡಿದು ಸೊಳ್ಳೆ ಹಾರಿ ಬರುತ್ತದೆ. ದಟ್ಟ ಹೊಗೆ ಆ ಜಾಡನ್ನು ಕೆಡಿಸಬಲ್ಲದು.

ಉಣುಗಿನ ರೀತಿಯೇ ಬೇರೆ. ಇದನ್ನು ಉಣ್ಣೆ ಎಂದೂ ಕರೆಯುತ್ತಾರೆ. ಇದಕ್ಕೆ ರೆಕ್ಕೆಯಿಲ್ಲ, ನೆಗೆಯಲೂ ಬಾರದು. ಹುಲ್ಲಿನ ಗರಿಯ ತುದಿಗೋ ಗಿಡದ ಎಲೆಯ ಅಂಚಿಗೋ ಏರಿ, ಮುಂಗಾಲುಗಳನ್ನು ಚಾಚಿ ಕಾದು ಕೂರುತ್ತದೆ. ಆ ಕಾಲುಗಳಲ್ಲಿ ವಾಸನೆ ಹಿಡಿಯುವ ಪುಟ್ಟ ಅಂಗವಿದೆ. ದನವೋ ಮನುಷ್ಯನೋ ಸವರಿಕೊಂಡು ಹೋದರೆ ಸಾಕು, ಅಂಟಿಕೊಂಡು ಮೇಲೇರುತ್ತದೆ. ಆದ್ದರಿಂದ ಮನೆಯಲ್ಲಿ ಹಾಕಿದ ಹೊಗೆಯಾಗಲಿ, ಗೋಡೆಗೆ ಸಿಕ್ಕಿಸುವ ಸೊಳ್ಳೆಯಂತ್ರವಾಗಲಿ ಉಣುಗಿನಿಂದ ಕಾಯಲಾರವು. ಅದರ ದಾರಿಯಲ್ಲಿ, ಅಂದರೆ ನಮ್ಮ ಪಾದ, ಕಾಲು, ಬಟ್ಟೆಯ ಅಂಚುಗಳಲ್ಲೇ ತಡೆ ಇರಬೇಕು.

ಉಣುಗಿನಿಂದ ರೋಗ ಹರಡುತ್ತದೆಂಬ ಅರಿವು ಬಹಳ ಹಳೆಯದು. ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಮಲೇರಿಯಾಕ್ಕೂ ಸೊಳ್ಳೆಗೂ ಇರುವ ನಂಟನ್ನು ಕಂಡದ್ದು 1897ರಲ್ಲಿ. ಅದಕ್ಕೂ ನಾಲ್ಕು ವರ್ಷ ಮೊದಲೇ, 1893ರಲ್ಲಿ, ಅಮೆರಿಕದ ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ದನಗಳ ಜ್ವರವನ್ನು ಉಣುಗು ಹರಡುತ್ತದೆಂದು ಸಾಧಿಸಿ ಪ್ರಕಟಿಸಿದ್ದರು. ಆದರೂ ಜನರ ಮನಸ್ಸಿನಲ್ಲಿ ಸೊಳ್ಳೆ ವೈರಿಯಾಯಿತು, ಉಣುಗು ಕೇವಲ ದನದ ಕಿರುಕುಳವಾಗಿಯೇ ಉಳಿಯಿತು.

ಯುದ್ಧ ಕಲಿಸಿದ ಪಾಠ

1940ರ ದಶಕದವರೆಗೆ ಮೈಗೆ ಹಚ್ಚುವ ಮುಖ್ಯ ಔಷಧವೆಂದರೆ ಸಿಟ್ರೊನೆಲ್ಲಾ ಹುಲ್ಲಿನ ಎಣ್ಣೆ. ವಾಸನೆ ಹಿತವಾದುದು, ಆದರೆ ಬೇಗ ಆರಿಹೋಗುವಂಥದು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯಗಳು ಉಷ್ಣವಲಯದ ಕಾಡುಗಳನ್ನು ಹೊಕ್ಕಾಗ ಗುಂಡಿಗೆ ಬಿದ್ದವರಿಗಿಂತ ರೋಗಕ್ಕೆ ಬಿದ್ದವರೇ ಹೆಚ್ಚಾದರು. ಅಮೆರಿಕದ ಫ್ಲಾರಿಡಾ ರಾಜ್ಯದ ಓರ್ಲಾಂಡೊದಲ್ಲಿದ್ದ ಕೃಷಿ ಇಲಾಖೆಯ ಪ್ರಯೋಗಾಲಯ ಸಾವಿರಾರು ರಾಸಾಯನಿಕಗಳನ್ನು ಪರೀಕ್ಷಿಸಿತು. ಆ ಕಾಲದಲ್ಲಿ ಹೆಸರು ಮಾಡಿದ್ದು ಡೈಮೀಥೈಲ್ ಥ್ಯಾಲೇಟ್, ಅಂದರೆ ನಮ್ಮ ಮಲೆನಾಡಿಗೆ ಪರಿಚಿತವಾದ ಡಿ.ಎಂ.ಪಿ. ತೈಲ.

ಬರ್ಮಾ ರಣರಂಗದಲ್ಲಿ ಇನ್ನೊಂದು ಪಾಠ ಸಿಕ್ಕಿತು. ಅಲ್ಲಿ ಸೈನಿಕರನ್ನು ಕಾಡಿದ ಸ್ಕ್ರಬ್ ಟೈಫಸ್ ಜ್ವರವನ್ನು ಹರಡುತ್ತಿದ್ದುದು ಹುಲ್ಲಿನಲ್ಲಿರುವ ನುಸಿಮರಿ, ಉಣುಗಿನ ಹತ್ತಿರದ ಸಂಬಂಧಿ. ಅದಕ್ಕೆ ಚರ್ಮದ ಮೇಲೆ ಹಚ್ಚುವುದಕ್ಕಿಂತ ಈ ಜಾತಿಯ ತೈಲಗಳನ್ನು ಸಮವಸ್ತ್ರಕ್ಕೇ ಸವರುವುದು ಹೆಚ್ಚು ಉಪಯುಕ್ತವೆಂದು ಕಂಡುಬಂತು.

ಆದರೆ ತೈಲ, ಮಾತ್ರೆಗಳಷ್ಟೇ ಸೈನ್ಯವನ್ನು ಉಳಿಸಲಿಲ್ಲ. ಬರ್ಮಾದಲ್ಲಿ ಹೋರಾಡಿದ 14ನೆಯ ಸೈನ್ಯದ ದಂಡನಾಯಕ ವಿಲಿಯಂ ಸ್ಲಿಮ್, ಸೈನಿಕರು ಮಲೇರಿಯಾ ಮಾತ್ರೆ ನುಂಗುತ್ತಿದ್ದಾರೆಯೇ ಎಂದು ದಿಢೀರ್ ತಪಾಸಣೆ ಮಾಡಿಸಿದರು. ಲೋಪ ಕಂಡ ಪಡೆಗಳ ಮುಖ್ಯಸ್ಥರಲ್ಲಿ ಮೂವರನ್ನು ಹುದ್ದೆಯಿಂದ ತೆಗೆದ ಮೇಲೆ ಉಳಿದವರು ಎಚ್ಚೆತ್ತರೆಂದು ಅವರೇ ಬರೆದುಕೊಂಡಿದ್ದಾರೆ. ನಿತ್ಯ ತಪ್ಪದೆ ಬಳಸುವ ಶಿಸ್ತೇ ಔಷಧದ ಅರ್ಧ ಬಲ. ಮಲೆನಾಡಿಗೆ ಬಂದ ತೈಲದೊಡನೆ ಬಾರದೆ ಹೋದದ್ದು ಈ ಅರ್ಧ.

ಮಲೆನಾಡಿನಲ್ಲಿ

ಮಂಗನ ಕಾಯಿಲೆಯ ಉಣುಗು ಮಳೆಗಾಲ ಕಳೆದ ಮೇಲೆ ಮರಿಯಾಗಿ, ನವೆಂಬರಿನಿಂದ ಮೇ ತಿಂಗಳವರೆಗೆ ಎಳೆಯ ಹಂತದಲ್ಲಿರುತ್ತದೆ. ಮನುಷ್ಯನಿಗೆ ಹೆಚ್ಚಾಗಿ ರೋಗ ಅಂಟಿಸುವುದು ಈ ಎಳೆಯ ಉಣುಗೇ. ಗಾತ್ರದಲ್ಲಿ ಅದು ಸಾಸಿವೆ ಕಾಳಿಗಿಂತ ದೊಡ್ಡದಲ್ಲ. ಮಲೆನಾಡಿಗರು ಕೊಟ್ಟಿಗೆಗೆ ಹಾಸಲು ದರಗು ಗುಡಿಸುವುದು, ಸೌದೆ ತರುವುದು, ದನ ಮೇಯಿಸಲು ಬೆಟ್ಟ ಹತ್ತುವುದು ಕೂಡ ಇದೇ ಬೇಸಿಗೆಯ ತಿಂಗಳುಗಳಲ್ಲಿ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಅಲ್ಲಿಯೇ ಉದುರುತ್ತವೆ. ಆದ್ದರಿಂದಲೇ ಶವ ಸಿಕ್ಕ ಜಾಗದ ಸುತ್ತ 50 ಅಡಿ ಮೆಲಾಥಿಯಾನ್ ಪುಡಿ ಚೆಲ್ಲುವ ಕ್ರಮವಿದೆ. ಸತ್ತ ಮಂಗವನ್ನು ಮುಟ್ಟದೆ ಕೂಡಲೇ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು ಊರನ್ನೇ ಉಳಿಸುವ ಕೆಲಸ.

ರೋಗ ಹುಟ್ಟೂರಿನಲ್ಲಿ ನಿಲ್ಲಲಿಲ್ಲ. 1980ರ ದಶಕದ ಮೊದಲಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ಭಾಗದಲ್ಲಿ ಭೀಕರವಾಗಿ ಎದ್ದಿತು. 2010ರ ದಶಕದಲ್ಲಿ ಕೇರಳ, ಗೋವಾ, ಮಹಾರಾಷ್ಟ್ರಗಳಿಗೂ ಹಬ್ಬಿತು. 2018ರ ಕೊನೆ ಮತ್ತು 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಹಲವರನ್ನು ಬಲಿ ತೆಗೆದುಕೊಂಡಿತು. ರೋಗ ತಗಲಿದ ನೂರು ಜನರಲ್ಲಿ ಮೂವರಿಂದ ಐವರು ಸಾಯುತ್ತಾರೆ. ಇದಕ್ಕೆಂದೇ ಮೀಸಲಾದ ಔಷಧವಿಲ್ಲ. 1990ರಿಂದ ಹಾಕುತ್ತಿದ್ದ ಲಸಿಕೆಯ ಪರಿಣಾಮ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಗಾಗಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೆಲಸ ಕೈಗೊಂಡಿದೆ. ಅದು ಕೈಗೆ ಬರುವವರೆಗೆ ಕಾಡಿಗೆ ಹೋಗುವವನ ರಕ್ಷೆ ತೈಲ ಮತ್ತು ಎಚ್ಚರ, ಇವೆರಡೇ.

ಹಿಂದೆ ಡಿ.ಎಂ.ಪಿ. ಹಂಚುತ್ತಿದ್ದ ಆರೋಗ್ಯ ಇಲಾಖೆ ಈಚೆಗೆ ‘ಡೆಪಾ’ ತೈಲವನ್ನೂ ಹಂಚುತ್ತಿದೆ. ಇದು ಗ್ವಾಲಿಯರಿನ ರಕ್ಷಣಾ ಸಂಶೋಧನಾ ಸಂಸ್ಥೆ ನಮ್ಮ ಸೈನಿಕರಿಗಾಗಿ ರೂಪಿಸಿದ್ದು. ಡೀಟ್ ತಯಾರಿಕೆಗೆ ಬೇಕಾದ ಮೂಲ ವಸ್ತು ನಮ್ಮಲ್ಲಿ ಸುಲಭವಾಗಿ ದೊರಕದ ಕಾರಣ, ಅಗ್ಗದಲ್ಲಿ ಸಮಬಲದ ಬದಲಿಯನ್ನು ಹುಡುಕಿದ ಫಲವಿದು. ಹೀಗೆ ಮತ್ತೊಮ್ಮೆ ಸೈನ್ಯದ ಸರಕೇ ರೈತನ ಮನೆಗೆ ಬಂದಿದೆ.

ಬಳಸುವ ಬಗೆ

ನಿವಾರಕ ಕೊಳ್ಳುವಾಗ ಹೆಸರಿಗಿಂತ ಒಳಗಿರುವ ವಸ್ತು ಯಾವುದು, ಶೇಕಡಾ ಎಷ್ಟು ಎಂಬುದನ್ನು ನೋಡಬೇಕು. ಡೀಟ್‌ನ ಪ್ರಮಾಣ ಹೆಚ್ಚಿದಂತೆ ಹೆಚ್ಚುವುದು ಮುಖ್ಯವಾಗಿ ರಕ್ಷಣೆಯ ಅವಧಿ. ಶೇ 10 ಇದ್ದರೆ ಸುಮಾರು 2 ಗಂಟೆ, ಶೇ 30 ಇದ್ದರೆ ಸುಮಾರು 5 ಗಂಟೆ. ಶೇ 50 ದಾಟಿದರೆ ಹೆಚ್ಚಿನ ಲಾಭವಿಲ್ಲ. ಪಿಕಾರಿಡಿನ್ ಕೂಡ ಸೊಳ್ಳೆ, ಉಣುಗು ಎರಡಕ್ಕೂ ಆಗುತ್ತದೆ. ಪರ್ಮೆಥ್ರಿನ್ ಬಟ್ಟೆಗೆ ಮಾತ್ರ, ಮೈಗೆ ಹಚ್ಚಬಾರದು. ಡೆಂಗಿ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಮಲೇರಿಯಾ ಸೊಳ್ಳೆ ರಾತ್ರಿಯಲ್ಲಿ. ಹಚ್ಚುವ ಹೊತ್ತನ್ನು ಇದನ್ನು ನೋಡಿಯೇ ಗೊತ್ತುಮಾಡಿಕೊಳ್ಳಬೇಕು.

ಕಾಡಿಗೆ ಹೋಗುವವರು ಮನೆ ಬಿಡುವ ಮುನ್ನವೇ ತೆರೆದಿರುವ ಕೈಕಾಲು, ಪಾದಗಳಿಗೆ ತೈಲ ಹಚ್ಚಬೇಕು. ಕಣ್ಣು, ಬಾಯಿ, ಗಾಯಗಳಿಗೆ ತಾಗಬಾರದು. ಚಿಕ್ಕ ಮಕ್ಕಳಿಗೆ ದೊಡ್ಡವರೇ ಹಚ್ಚಬೇಕು, ಅವರ ಅಂಗೈಗೆ ಸವರಬಾರದು. ಬೆವರಿನಲ್ಲಿ ತೈಲ ಇಳಿದುಹೋಗುವುದರಿಂದ ದಿನವಿಡೀ ಬೆಟ್ಟದಲ್ಲಿರುವವರು ನಡುವೆ ಮತ್ತೊಮ್ಮೆ ಹಚ್ಚಿಕೊಳ್ಳಬೇಕು. ಉದ್ದನೆಯ ಬಟ್ಟೆ ತೊಟ್ಟು, ಷರಾಯಿಯ ತುದಿಯನ್ನು ಕಾಲುಚೀಲದೊಳಗೆ ಸೇರಿಸುವುದು ಒಳ್ಳೆಯದು. ಮರಳಿದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಕಂಕುಳು, ಮೊಣಕಾಲಿನ ಹಿಂಬದಿ, ಕಿವಿಯ ಹಿಂದೆ, ತಲೆಗೂದಲ ನಡುವೆ ಹುಡುಕಿ ನೋಡಬೇಕು. ಉಣುಗು ಕಚ್ಚಿ ಹಿಡಿದಿದ್ದರೆ ಸೀಮೆಎಣ್ಣೆ, ಬೀಡಿಯ ಕೆಂಡಗಳ ಗೋಜು ಬೇಡ. ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆಯಬೇಕು, ಉಗುರಿನಿಂದ ಹಿಸುಕಬಾರದು. ಬಳಿಕ ಜ್ವರ ಕಾಣಿಸಿಕೊಂಡರೆ ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಹೇಳಲು ಮರೆಯಬಾರದು.

ಸೈನಿಕನ ಬೆನ್ನ ಹಿಂದೆ ಅಧಿಕಾರಿಯ ಕಣ್ಣಿತ್ತು. ದರಗಿನ ಬುಟ್ಟಿ ಹೊತ್ತು ನಸುಕಿನಲ್ಲಿ ಹೊರಡುವವಳಿಗೆ ಯಾರ ಆಜ್ಞೆಯೂ ಇಲ್ಲ, ತಪಾಸಣೆಯೂ ಇಲ್ಲ. ತೈಲದ ಸೀಸೆ ಸಿಕ್ಕರೂ ಅದು ಕಪಾಟಿನಲ್ಲಿಯೇ ಉಳಿಯುವುದು ಈ ಕಾರಣಕ್ಕೆ. ಕತ್ತಿ, ಬುಟ್ಟಿಗಳ ಜೊತೆ ಬಾಗಿಲ ಬಳಿಯೇ ಸೀಸೆಯನ್ನೂ ಇಟ್ಟುಕೊಂಡು, ಹೊರಡುವ ಮುನ್ನ ಮನೆಯವರು ಒಬ್ಬರಿಗೊಬ್ಬರು ನೆನಪಿಸಿದರೆ ಬಾರದೆ ಉಳಿದ ಆ ಅರ್ಧ ಬಲವೂ ಮಲೆನಾಡಿಗೆ ಬಂದೀತು.