ರಾಜ್ಯ ಹೆದ್ದಾರಿ 88

ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ, ಮಡಿಕೇರಿ, ಸುಳ್ಯ, ಪುತ್ತೂರುಗಳ ಮೂಲಕ ಹಾದು ಬಂಟ್ವಾಳ ತಾಲ್ಲೂಕಿನ ಮಾಣಿ ಸೇರುವ ರಸ್ತೆ. ಈಗ ಬೆಂಗಳೂರಿನಿಂದಲೇ ಹೊರಡುವ ರಾಷ್ಟ್ರೀಯ ಹೆದ್ದಾರಿ 275ರ ಭಾಗ. ಸಂಖ್ಯೆ ಏನೇ ಬದಲಾಗಲಿ, ದಾರಿಯ ಪೇಟೆಗಳಲ್ಲಿ ಇದಕ್ಕೆ ಬಿ.ಎಂ. (ಬೆಂಗಳೂರು–ಮಂಗಳೂರು) ರಸ್ತೆ ಎಂದೇ ಹೆಸರು.

ಮೈಸೂರು ಬಿಟ್ಟ ಸ್ವಲ್ಪ ಹೊತ್ತಿಗೆ ಸಿಗುವ ಇಲವಾಲದಲ್ಲಿ 1957ರ ಸೆಪ್ಟೆಂಬರಿನಲ್ಲಿ ವಿನೋಬಾ ಭಾವೆ, ನೆಹರೂ ಭಾಗವಹಿಸಿದ ಗ್ರಾಮದಾನ ಪರಿಷತ್ತು ನಡೆಯಿತು. ಆದರೆ ರಸ್ತೆಯ ಚರಿತ್ರೆಯನ್ನು ತಿಳಿಯಬೇಕಾದರೆ ಹುಣಸೂರಿನಲ್ಲಿ ಇಳಿಯಬೇಕು. ಲಕ್ಷ್ಮಣತೀರ್ಥದ ದಂಡೆಯ ಈ ಊರು ಬ್ರಿಟಿಷರ ಕಾಲದಲ್ಲಿ ಅಮೃತಮಹಲ್ ದನಗಳ ಕೇಂದ್ರ. ಸೈನ್ಯಕ್ಕೆ ಬೇಕಾದ ಚರ್ಮದ ಸಾಮಾನು, ಕಂಬಳಿ ಇಲ್ಲೇ ತಯಾರಾಗುತ್ತಿದ್ದವು. ಕೊಡಗಿನ ಕಾಫಿ ಗಾಡಿಗಳಲ್ಲಿ ಇಳಿದು ಬಂದು ಇಲ್ಲಿನ ಕಾಫಿ ಕಾರ್ಖಾನೆಗಳಲ್ಲಿ ಹದವಾಗುತ್ತಿತ್ತು. ಇಂದು ಆ ಜಾಗ ಹೊಗೆಸೊಪ್ಪಿನದು. ಹರಾಜಿನ ದಿನಗಳಲ್ಲಿ ಹುಣಸೂರು, ಕಂಪಲಾಪುರ, ಪಿರಿಯಾಪಟ್ಟಣಗಳ ಬಳಿ ಗೋಣಿ ಸುತ್ತಿದ ಬೇಲುಗಳನ್ನು ಹೇರಿಕೊಂಡ ಟ್ರ್ಯಾಕ್ಟರುಗಳ ಹಿಂದೆ ಬಸ್ಸುಗಳೂ ನಿಧಾನಿಸಬೇಕು.

ಹುಣಸೂರಿನಿಂದ ಕವಲುಗಳೂ ಹಲವು: ಕೆ.ಆರ್. ನಗರಕ್ಕೆ, ಎಚ್.ಡಿ. ಕೋಟೆಗೆ, ಲಕ್ಷ್ಮಣತೀರ್ಥದ ಅಣೆಕಟ್ಟಿರುವ ಹನಗೋಡಿಗೆ. ಹೆಚ್ಚು ಚರ್ಚೆಗೆ ಬಂದದ್ದು ಮಾತ್ರ ಗೋಣಿಕೊಪ್ಪಲಿನ ಕವಲು. 2009ರಲ್ಲಿ ಬಂಡೀಪುರದ ರಾತ್ರಿ ಸಂಚಾರ ನಿಂತಾಗ ಕೇರಳಕ್ಕೆ ಬದಲಿ ದಾರಿಯೆಂದು ತೋರಿಸಿದ್ದು ಇದನ್ನೇ. ಅಂದರೆ ಬಂಡೀಪುರದ ಹೊರೆಯಲ್ಲಿ ಒಂದಿಷ್ಟು, ಈ ಕವಲು ಹಾದುಹೋಗುವ ನಾಗರಹೊಳೆ ಕಾಡಿನ ತಲೆಗೆ ಬಿತ್ತು. 2018ರ ಅಕ್ಟೋಬರಿನಲ್ಲಿ ಮತ್ತಿಗೋಡು ಶಿಬಿರದ ಸಾಕಾನೆ ರಂಗ ಇದೇ ರಸ್ತೆಯಲ್ಲಿ ಬಸ್ಸು ಬಡಿದು ಸತ್ತಿತು.

ಪಿರಿಯಾಪಟ್ಟಣ ದಾಟಿದರೆ ಬೈಲಕುಪ್ಪೆ. 1961ರಲ್ಲಿ ಇಲ್ಲಿ ಟಿಬೆಟನ್ ನಿರಾಶ್ರಿತರ ವಸತಿ ಆರಂಭವಾಯಿತು. ಕೊಪ್ಪದ ಸೇತುವೆಯಲ್ಲಿ ಕಾವೇರಿಯನ್ನು ದಾಟಿದೊಡನೆ ಕೊಡಗು. ಮಡಿಕೇರಿಯಿಂದ ರಸ್ತೆ ಸಂಪಾಜೆಗೆ ಕಡಿದಾಗಿ ಇಳಿದು, ಪಯಸ್ವಿನಿಯ ಜೊತೆಜೊತೆಗೇ ಸುಳ್ಯ ತಲುಪುತ್ತದೆ. 1837ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಅಮರ ಸುಳ್ಯ ದಂಗೆಯವರು ಮಂಗಳೂರಿನತ್ತ ಹೊರಟದ್ದು ಈ ಸೀಮೆಯಿಂದಲೇ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಭಾಗದಲ್ಲಿ ಗುಡ್ಡ ಕುಸಿದು ಈ ಘಟ್ಟ ರಸ್ತೆ ಕಡಿದುಹೋಯಿತು.

ಮೈಸೂರು–ಕುಶಾಲನಗರ ನಡುವೆ ಸುಮಾರು 92 ಕಿ.ಮೀ. ಉದ್ದದ ಹೊಸ ಚತುಷ್ಪಥ ರಸ್ತೆಗೆ 2023ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆಯಾಯಿತು. ಅಂದಾಜು ವೆಚ್ಚ 4,130 ಕೋಟಿ ರೂಪಾಯಿ. ಅದರ ದಾರಿ ಹುಣಸೂರು, ಪಿರಿಯಾಪಟ್ಟಣ ಪೇಟೆಗಳ ಹೊರಗೆ.