ಇಪ್ಪತ್ತು ಸಾವಿರಕ್ಕಾಗಿ ನಡೆದ ಹೋರಾಟ

2012ರ ಆಗಸ್ಟ್‌ನಲ್ಲಿ ಕೇರಳದ ಕೋತಮಂಗಲಂನಲ್ಲಿ ಮೂವರು ದಾದಿಯರು ತಾವು ಕೆಲಸ ಮಾಡುತ್ತಿದ್ದ ಖಾಸಗಿ ಆಸ್ಪತ್ರೆಯ ತುದಿಮಹಡಿ ಏರಿ, ಬೇಡಿಕೆ ಈಡೇರದಿದ್ದರೆ ಹಾರುತ್ತೇವೆ ಎಂದರು. ಅಷ್ಟರಲ್ಲಿ ಅಲ್ಲಿನ ಮುಷ್ಕರ ನೂರು ದಿನ ದಾಟಿತ್ತು. ವಿರೋಧ ಪಕ್ಷದ ನಾಯಕ ವಿ.ಎಸ್. ಅಚ್ಯುತಾನಂದನ್ ಸ್ಥಳಕ್ಕೆ ಧಾವಿಸಿದರು, ಮಾತುಕತೆ ನಡೆಯಿತು. ದಾದಿಯರು ಕೇಳಿದ್ದು ಸರ್ಕಾರವೇ ಗೊತ್ತುಮಾಡಿದ್ದ ಕನಿಷ್ಠ ವೇತನವನ್ನು.

ಪರಿಸ್ಥಿತಿ ಇಲ್ಲಿಗೆ ಮುಟ್ಟಿದ್ದು ಹೇಗೆ? 1947ರ ಭಾರತೀಯ ನರ್ಸಿಂಗ್ ಮಂಡಳಿ ಕಾಯ್ದೆ ದೇಶಕ್ಕೆಲ್ಲ ಒಂದೇ ಮಟ್ಟದ ತರಬೇತಿ ಬೇಕೆಂದಿತು. ಕಲಿತು ಬಂದವಳಿಗೆ ಎಷ್ಟು ಸಂಬಳ ಕೊಡಬೇಕೆಂಬುದು ಅದರ ವ್ಯಾಪ್ತಿಗೆ ಬರಲಿಲ್ಲ.

ಮುಂದೆ ಖಾಸಗಿ ಕಾಲೇಜುಗಳು ಹೆಚ್ಚಿದವು. ಬೆಂಗಳೂರು, ಮಂಗಳೂರಿನ ನರ್ಸಿಂಗ್ ಕಾಲೇಜುಗಳಿಗೆ ಕೇರಳದ ಹುಡುಗಿಯರು ಬ್ಯಾಂಕ್ ಸಾಲ ಮಾಡಿ ಬಂದರು. ಓದು ಮುಗಿದ ಮೇಲೆ ಕಣ್ಣು ಕೊಲ್ಲಿ ದೇಶಗಳತ್ತ. ಅಲ್ಲಿಗೆ ಹೋಗಲು ಸಾಮಾನ್ಯವಾಗಿ ಎರಡು ವರ್ಷದ ಅನುಭವಪತ್ರ ಬೇಕು. ಆ ಕಾಗದ ಆಸ್ಪತ್ರೆಯ ಕೈಯಲ್ಲಿತ್ತು. ಸಂಬಳ ಎಷ್ಟೇ ಕಡಿಮೆಯಾದರೂ ಹುಡುಗಿ ಸಹಿಸಿಕೊಂಡು ಇರುತ್ತಾಳೆ ಎಂಬುದು ಆಡಳಿತಗಳಿಗೆ ಗೊತ್ತಿತ್ತು. ಮೇಲೆ ಬಾಂಡ್ ಬೇರೆ: ಮೂಲ ಸರ್ಟಿಫಿಕೇಟ್‌ಗಳನ್ನು ಇಟ್ಟುಕೊಂಡು, ನಡುವೆ ಬಿಟ್ಟು ಹೋಗುವವರಿಂದ ದುಡ್ಡು ಕೇಳುವ ಪದ್ಧತಿ. ಜೀವ ಕಾಯುವ ಕೆಲಸಕ್ಕೆ ಹೀಗೆ ಜೀತದ ನೆರಳು ಬಿತ್ತು. ಇದನ್ನು ಅನ್ಯಾಯವೆಂದೇ ಕರೆಯಬೇಕು.

2011ರಲ್ಲಿ ತ್ರಿಶ್ಶೂರಿನಲ್ಲಿ ಯುನೈಟೆಡ್ ನರ್ಸಸ್ ಅಸೋಸಿಯೇಷನ್ ಹುಟ್ಟಿತು. ಬಾಂಡ್ ಹೋಗಬೇಕು, ಮೂರು ಪಾಳಿ ಬರಬೇಕು, ಕನಿಷ್ಠ ವೇತನ ಸಿಗಬೇಕು ಎಂದು ಒಂದಾದ ಮೇಲೊಂದು ಆಸ್ಪತ್ರೆಯಲ್ಲಿ ದಾದಿಯರು ಬೀದಿಗಿಳಿದರು. ಇತ್ತ ತರಬೇತಾದ ದಾದಿಯರ ಸಂಘ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2016ರ ಜನವರಿಯಲ್ಲಿ ನ್ಯಾಯಾಲಯ, ಖಾಸಗಿ ದಾದಿಯರ ಸ್ಥಿತಿ ನೋಡಲು ಸಮಿತಿ ರಚಿಸುವಂತೆ ಕೇಂದ್ರಕ್ಕೆ ಸೂಚಿಸಿತು.

ಆ ಸಮಿತಿ ಸಂಬಳವನ್ನು ಹಾಸಿಗೆಗಳ ಲೆಕ್ಕಕ್ಕೆ ಜೋಡಿಸಿತು. 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಯಲ್ಲಿ ಸರ್ಕಾರಿ ದಾದಿಯರಷ್ಟೇ ಸಂಬಳ. 100 ದಾಟಿದಲ್ಲಿ ಶೇ 10ಕ್ಕಿಂತ, 50ರಿಂದ 100ರವರೆಗೆ ಶೇ 25ಕ್ಕಿಂತ ಹೆಚ್ಚು ಕಡಿತ ಇರಬಾರದು. ಅದಕ್ಕೂ ಚಿಕ್ಕದಾದರೆ ತಿಂಗಳಿಗೆ ಕನಿಷ್ಠ 20,000 ರೂಪಾಯಿ. ಅಂತರ ಎಷ್ಟೆಂದು ತಿಳಿಯಲು ಒಂದು ಅಂಕಿ ಸಾಕು: ಏಳನೇ ವೇತನ ಆಯೋಗದ ನಂತರ ಕೇಂದ್ರ ಸರ್ಕಾರದ ಆಸ್ಪತ್ರೆಗೆ ಹೊಸದಾಗಿ ಸೇರುವ ದಾದಿಯ ಮೂಲವೇತನವೇ 44,900 ರೂಪಾಯಿ. ಭತ್ಯೆಗಳು ಇದರ ಮೇಲೆ. ಏಮ್ಸ್‌ನ ನೇಮಕ ಪರೀಕ್ಷೆಗೆ ಊರೂರಿನಿಂದ ಅರ್ಜಿ ಹರಿದುಬರುವುದರಲ್ಲಿ ಆಶ್ಚರ್ಯವೇನಿದೆ?

ಶಿಫಾರಸು ಕಾಗದದಲ್ಲೇ ಉಳಿಯುವ ಲಕ್ಷಣ ಕಂಡಾಗ ಕೇರಳದಲ್ಲಿ ಮತ್ತೆ ಮುಷ್ಕರ. 2018ರ ಏಪ್ರಿಲ್‌ನಲ್ಲಿ ಚೇರ್ತಲದಿಂದ ತಿರುವನಂತಪುರಕ್ಕೆ ಕಾಲ್ನಡಿಗೆ ಜಾಥಾ ಹೊರಡುವ ಮುನ್ನಾದಿನ ಸರ್ಕಾರ ಅಧಿಸೂಚನೆ ಹೊರಡಿಸಿತು. ಚಿಕ್ಕ ಆಸ್ಪತ್ರೆಯ ದಾದಿಗೂ 20,000 ರೂಪಾಯಿ ಮೂಲವೇತನ ಗೊತ್ತಾಯಿತು.

ಮಗಳನ್ನು ಕೆಲಸಕ್ಕೆ ಕಳಿಸುವ ಮನೆಯವರು ಆಸ್ಪತ್ರೆಯ ಹೆಸರಷ್ಟನ್ನೇ ನೋಡಿ ಒಪ್ಪಬಾರದು. ಹಾಸಿಗೆ ಎಷ್ಟು, ರಾತ್ರಿ ಪಾಳಿ ಎಷ್ಟು ಗಂಟೆ, ಪಿಎಫ್ ಕಟ್ಟುತ್ತಾರೆಯೇ, 26 ವಾರಗಳ ಹೆರಿಗೆ ರಜೆ ಕೊಡುತ್ತಾರೆಯೇ ಎಂದು ಮೊದಲೇ ಕೇಳಿ, ನೇಮಕಪತ್ರದಲ್ಲಿ ಬರೆಸಿಕೊಳ್ಳಲಿ. ಮೂಲ ಸರ್ಟಿಫಿಕೇಟ್ ಮಾತ್ರ ಯಾರ ಕೈಗೂ ಕೊಟ್ಟು ಬರಬೇಡಿ.