ಅಂಕಣ: ಕಂಬಗಳ ನಡುವಿನ ಜಾಗ

‘ಎಷ್ಟು ಅಂಕಣದ ಮನೆ?’ ಹಳೆಯ ಹಳ್ಳಿಗಳಲ್ಲಿ ಮನೆಯ ಅಳತೆ ಕೇಳುತ್ತಿದ್ದುದು ಹೀಗೆ. ಮೂರಂಕಣ, ಐದಂಕಣ ಎಂದರೆ ಸಾಕು, ಮನೆ ಎಷ್ಟು ದೊಡ್ಡದೆಂದು ಅಂದಾಜಾಗುತ್ತಿತ್ತು. ಎರಡು ಕಂಬಗಳ ಅಥವಾ ಎರಡು ತೊಲೆಗಳ ನಡುವಿನ ಜಾಗವೇ ಅಂಕಣ. ಅದರ ಅಗಲ ಮರಕ್ಕೆ ಕಟ್ಟುಬಿದ್ದದ್ದು. ತೊಲೆಯಿಂದ ತೊಲೆಗೆ ಹಾಸುವ ಜಂತಿ ಎಷ್ಟು ಉದ್ದವೋ ಅಂಕಣ ಅಷ್ಟೇ ಅಗಲ. ಮನೆ ದೊಡ್ಡದಾಗಬೇಕಾದರೆ ಇನ್ನೊಂದು ಅಂಕಣ ಸೇರಿಸಬೇಕು, ಇದ್ದದ್ದು ಹಿಗ್ಗದು.

ಗುಡಿಯಲ್ಲೂ ಇದೇ ಮಾತು. ನವರಂಗದ ನಡುವೆ ನಾಲ್ಕು ಕಂಬ ನಿಲ್ಲಿಸಿದರೆ ಒಳಗಿನ ಜಾಗ ಒಂಬತ್ತು ಅಂಕಣಗಳಾಗಿ ಒಡೆಯುತ್ತದೆ. ಹೊಯ್ಸಳರ ಶಿಲ್ಪಿಗಳು ನಡು ಅಂಕಣದ ಮೇಲೆ ಕೆತ್ತಿದ, ಭುವನೇಶ್ವರಿ ಎಂದು ಕರೆಯುವ ಚಾವಣಿಯನ್ನು ತಲೆಯೆತ್ತಿ ನೋಡದವರಿಲ್ಲ. ನೆರೆಯ ತೆಲುಗಿನಲ್ಲಿ ಈ ಪದ ಮನೆಯಿಂದ ಹೊರಬಿದ್ದು ನೆಲದ ಅಳತೆಯೇ ಆಯಿತು. ನೆಲ್ಲೂರು, ತಿರುಪತಿ ಕಡೆ ನಿವೇಶನವನ್ನು ಈಗಲೂ ಅಂಕಣಂ ಲೆಕ್ಕದಲ್ಲಿ ಮಾರುತ್ತಾರೆ.

ಪತ್ರಿಕೆಗಳು ಬಂದಾಗ ‘ಕಾಲಂ’ ಎಂಬ ಮಾತೂ ಬಂತು. ಅದರ ಮೂಲ ಲ್ಯಾಟಿನ್ನಿನ ‘ಕೊಲುಮ್ನ’, ಅಂದರೆ ಕಂಬ. ಪುಟದಲ್ಲಿ ಉದ್ದಕ್ಕೆ ನಿಂತ ಅಕ್ಷರರಾಶಿ ಪಾಶ್ಚಾತ್ಯರ ಕಣ್ಣಿಗೆ ಕಂಬದಂತೆ ಕಂಡಿತು. ಕನ್ನಡ ಅದಕ್ಕೆ ಅಂಕಣ ಎಂದಿತು, ಬರೆಯುವವರನ್ನು ಅಂಕಣಕಾರರು ಎಂದಿತು. ಅವರು ಹೆಸರಿಟ್ಟದ್ದು ಕಂಬಕ್ಕೆ, ನಾವು ಹೆಸರಿಟ್ಟದ್ದು ಕಂಬಗಳ ನಡುವಿನ ಜಾಗಕ್ಕೆ. ಗಣಿತದ ಪಠ್ಯಗಳು ಮಾತ್ರ ‘ಕಂಬಸಾಲು’ ಎಂದು ಕಂಬವನ್ನೇ ಹಿಡಿದವು. ಕಬಡ್ಡಿ, ಟೆನಿಸ್ ವರದಿಗಾರರು ಗೆರೆ ಎಳೆದ ಆಟದ ಜಾಗಕ್ಕೆ ಅಂಕಣ ಎಂದರು. ಅಲ್ಲಿ ಕಂಬವಿಲ್ಲ, ಆದರೂ ಎಲ್ಲೆ ಕಟ್ಟಿದ ಜಾಗವೆಂಬ ಹಳೆಯ ಅರ್ಥ ಕೆಡಲಿಲ್ಲ.

ಈಗ ಅಂಕಣ ಸ್ಪ್ರೆಡ್‌ಶೀಟಿನ ಬಾಗಿಲಲ್ಲಿದೆ. 1979ರಲ್ಲಿ ಬಂದ ವಿಸಿಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್ ತಂತ್ರಾಂಶದಲ್ಲಿ ಅಗಲ ಬದಲಿಸಿದರೆ ಎಲ್ಲ ಅಂಕಣಗಳೂ ಒಟ್ಟಿಗೇ ಬದಲಾಗುತ್ತಿದ್ದವು. ಕ್ರಮಸಂಖ್ಯೆಗೂ ಊರಿನ ಹೆಸರಿಗೂ ಒಂದೇ ಅಳತೆ. ಇಂದಿನ ಎಕ್ಸೆಲ್‌ನಲ್ಲಿ ಒಂದೊಂದನ್ನೂ ಬೇರೆಬೇರೆಯಾಗಿ ಹಿಗ್ಗಿಸಬಹುದು, ಕುಗ್ಗಿಸಬಹುದು, 255 ಅಕ್ಷರಗಳ ಅಗಲದವರೆಗೆ. ಎ, ಬಿ ಎಂಬ ತಲೆಬರಹಗಳ ನಡುವಿನ ಗೆರೆ ಹಿಡಿದು ಎಳೆದರೆ ಎಡಗಡೆಯ ಅಂಕಣ ಅಗಲವಾಗುತ್ತದೆ. ಅದೇ ಗೆರೆಯ ಮೇಲೆ ಎರಡು ಸಲ ಒತ್ತಿದರೆ ಒಳಗಿರುವ ಅತಿ ಉದ್ದದ ಬರಹಕ್ಕೆ ತಕ್ಕಷ್ಟು ತಾನೇ ಸರಿಹೊಂದುತ್ತದೆ. ಜಾಗ ಸಾಲದಾದಾಗ ಪದಗಳು ಪಕ್ಕದ ಖಾಲಿ ಮನೆಗೆ ಚಾಚಿಕೊಳ್ಳುತ್ತವೆ. ಅಂಕಿಗಳಿಗೆ ಆ ಸ್ವಾತಂತ್ರ್ಯವಿಲ್ಲ. 1,25,000 ಅರ್ಧ ಕತ್ತರಿಸಿ 1,25 ಎಂದು ಕಂಡರೆ ಲೆಕ್ಕವೇ ಸುಳ್ಳಾಗುತ್ತದೆ. ಅದಕ್ಕೇ ಅಲ್ಲಿ #### ಚಿಹ್ನೆಗಳ ಸಾಲು ಮೂಡುತ್ತದೆ. ಅಂಕಿ ಅಳಿಸಿಹೋಗಿರುವುದಿಲ್ಲ, ಅಂಕಣ ಅಗಲಿಸಿದೊಡನೆ ಮರಳಿ ಕಾಣುತ್ತದೆ.

ಅಂಕಣ ಉದ್ದಕ್ಕೆ ನಿಂತರೆ, ಅಡ್ಡಕ್ಕೆ ಹರಿಯುವುದು ಸಾಲು. ಅದು ಹೊಲದ ಮಾತು, ನೇಗಿಲು ಸೀಳಿದ ಗೀರಿನ ಹೆಸರು. ತಮಿಳಿನ ಸಾಲ್, ತೆಲುಗಿನ ಚಾಲು ಅದರ ಒಡಹುಟ್ಟುಗಳು. ಬಿತ್ತುವ ಬೆಳೆ ನೋಡಿ ಸಾಲಿನ ಅಂತರ ಗೊತ್ತುಮಾಡುವುದು ರೈತರ ನಿತ್ಯದ ವಿವೇಕ.

ಕಾಲಂ ಎನ್ನುವುದರಲ್ಲಿ ತಪ್ಪಿಲ್ಲ, ಅದೂ ನಮ್ಮ ನಾಲಿಗೆಗೆ ಒಗ್ಗಿದೆ. ಆದರೆ ಹೊಸದಾಗಿ ಕಲಿಯುವವರಿಗೆ ಅಂಕಣ ಎಂದು ಹೇಳಿಕೊಟ್ಟರೆ ಪದವೇ ಅರ್ಧ ಪಾಠ ಮಾಡುತ್ತದೆ. ಕಂಬವನ್ನು ಅಗಲಿಸುವುದೆಂದರೆ ಮನಸ್ಸಿಗೆ ಚಿತ್ರ ಮೂಡದು. ಅಂಕಣವನ್ನು ಅಗಲಿಸುವುದೆಂದರೆ ಮೂಡುತ್ತದೆ, ಏಕೆಂದರೆ ಅದು ಮೊದಲಿನಿಂದಲೂ ಜಾಗದ ಹೆಸರು. ‘ಅಂಕಣ ಅಗಲಿಸು, ಸಾಲು ಎತ್ತರಿಸು’ ಎಂಬ ಸೂಚನೆ ನಮ್ಮ ಕಂಪ್ಯೂಟರ್ ಪಾಠಗಳಲ್ಲಿ ಧೈರ್ಯವಾಗಿ ಬರಲಿ.